ಅಬ್ಬಾಜಾನರ ರೀಲು, ಟೆರೇಸಿನ ಬಕೆಟ್ಟು

ಶಿವಾಜಿನಗರದಲ್ಲಿ ತಿರುಗುವ ಚಕ್ರ ಯಾವುದೇ ಇರಲಿ, ಇನಾಯತ್ ಉಲ್ಲಾ ಕೈಯಿಟ್ಟರೆ ಅದು ಮಾತು ಕೇಳಲೇಬೇಕು! ಇಪ್ಪತ್ತೆರಡು ವರ್ಷ ಹೊಲಿಗೆ ಮಿಷನ್ ರಿಪೇರಿ ಮಾಡಿದವನ ಗತ್ತು ಅದು. ತೊಂಬತ್ತೆಂಟನೇ ಇಸವಿಯಲ್ಲಿ ತೀರಿಕೊಂಡ ಅಪ್ಪ, ಅಬ್ಬಾಜಾನರ ಹಳೇ ಹಿತ್ತಾಳೆಯ ಗಾಳದ ರೀಲು ಕೈಗೆ ಬಂದದ್ದೇ ಘೋಷಿಸಿಬಿಟ್ಟ, "ಒಂದು ವಾರ ಸಾಕು. ಹಲಸೂರು ಕೆರೆ ಮೀನೆಲ್ಲ ನನ್ನ ಹೆಸರು ಕೇಳಿದ್ರೆ ತಳಕ್ಕೆ ಓಡ್ಬೇಕು!"

"ತಳಕ್ಕೆ ಓಡಿದ್ರೆ ಹಿಡಿಯೋದು ಹ್ಯಾಗೆ?" ಅಂದಳು ಹೆಂಡತಿ ಶಂಶುನ್ನೀಸಾ, ಹೊಲಿಯುತ್ತಿದ್ದ ಬ್ಲೌಸಿನಿಂದ ತಲೆಯೆತ್ತದೆ.

ಅಬ್ಬಾಜಾನ್ ಒಂದು ಷರತ್ತು ಇಟ್ಟೇ ಹೋಗಿದ್ದರು. ಮನೆಯವರಲ್ಲಿ ಯಾರಾದರೂ ಟೆರೇಸಿನ ಈ ತುದಿಯಲ್ಲಿ ರೀಲು ಹಿಡಿದು ಎಸೆದದ್ದು ಆ ತುದಿಯ ಬಕೆಟ್ಟಿಗೆ ಬೀಳಬೇಕು. ಬಿದ್ದರೆ ರೀಲು ಮನೆಗೆ. ಇಲ್ಲದಿದ್ದರೆ ನಲವತ್ತು ವರ್ಷ ಅವರೊಡನೆ ಕೆರೆ ದಂಡೆಯಲ್ಲಿ ಕೂತ ಗೆಳೆಯ ಮುನಿರಾಜಪ್ಪನವರಿಗೆ. ಪರೀಕ್ಷೆ ಭಾನುವಾರ. ಪರೀಕ್ಷಕರೂ ಮುನಿರಾಜಪ್ಪನವರೇ! ಯಾರಾದರೂ ಅಂದರೆ ತಾನೇ ಅಂತ ಇನಾಯತ್ ಆಗಲೇ ತೀರ್ಮಾನಿಸಿದ್ದ.

ಮೊದಲು ಮಾಡಿದ್ದೇ ಮಿಷನ್ ರಿಪೇರಿಯವನು ಮಾತ್ರ ಮಾಡಬಲ್ಲ ತಪ್ಪು. ರೀಲಿನ ಉರುಳೆ ಬಿಗಿಯಾಗಿ ತಿರುಗುತ್ತಿತ್ತು. ಬಿಗಿ ಅಂದರೆ ಕಾಯಿಲೆ ಅನ್ನುವುದು ಅವನ ವೈದ್ಯಶಾಸ್ತ್ರ! ಪಕ್ಕದ ತಿರುಪು ಸಡಿಲಿಸಿ, ಮಿಷನ್ ಎಣ್ಣೆ ಸುರಿದು, ಬೆರಳಲ್ಲಿ ತಟ್ಟಿದ. ಉರುಳೆ ಗಿರ್ರನೆ ತಿರುಗಿತು, ತಿರುಗುತ್ತಲೇ ಇತ್ತು.

"ನೋಡು, ಬೆಣ್ಣೆ!"

"ಅದನ್ನ ನಿಲ್ಲಿಸೋದು ಯಾರು?"

"ನೀನು ಹುಕ್ಸ್ ಹೊಲಿ, ಸಾಕು."

ಅಪ್ಪನ ಆಸ್ತಿ ಕೈಗೆ ಬಂದ ದಿನವೇ ನಮ್ಮ ಗಂಡಸರಿಗೆ ಕಿವಿ ಮಂದವಾಗುತ್ತದೆ. ದಿನಕ್ಕೆ ಹತ್ತು ಗಂಟೆ ಚಕ್ರ ತಿರುಗಿಸುವವಳು ಬಾಯಿ ಬಿಟ್ಟರೆ ಗೊಣಗಾಟ. ಅದೇ ಚಕ್ರಕ್ಕೆ ಎರಡು ಹನಿ ಎಣ್ಣೆ ಬಿಡುವವನು ಪಂಡಿತ!

ಶನಿವಾರ ಸಂಜೆ ಕಾಕ್ಸ್ ಟೌನಿನ ಮನೆಯ ಟೆರೇಸಿನಲ್ಲಿ ಮಹಾಪ್ರಯೋಗ. ದಾರದ ತುದಿಗೆ ಗಾಳದ ಬದಲು ಕಬ್ಬಿಣದ ನಟ್ಟು. ಬೀಸಿದ! ನಟ್ಟು ಹತ್ತು ಅಡಿ ಹೋಯಿತು. ಉರುಳೆ ನೂರು ಅಡಿಯ ದಾರ ಕಕ್ಕಿತು. ರೀಲಿನ ಮೇಲೆ ಕಾಗೆಗೂಡು! ಅರ್ಧ ಗಂಟೆ ಗಂಟು ಬಿಡಿಸಿ, ಸಿಟ್ಟಿನಲ್ಲಿ ಇನ್ನೂ ಜೋರಾಗಿ ಬೀಸಿದ. ನಟ್ಟು ಓರೆಯಾಗಿ ಹಾರಿ, ಬೀದಿಯ ಟೀವಿ ಕೇಬಲ್ಲಿಗೆ ನಾಲ್ಕು ಸುತ್ತು ಸುತ್ತಿಕೊಂಡಿತು. ಎಳೆದ. ಹನ್ನೆರಡು ಮನೆಯ ಟೀವಿ ಒಟ್ಟಿಗೆ ಕಣ್ಣು ಮುಚ್ಚಿದವು.

ಪಕ್ಕದ ಮನೆಯ ಮುನಿಶಾಮಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಸೀರಿಯಲ್ಲಲ್ಲಿ ಅತ್ತೆ ಸತ್ಯ ಹೇಳಕ್ಕೆ ಬಾಯಿ ತೆಗೆದಿದ್ಲು, ಕೇಬಲ್ ಹೋಯ್ತು! ಆ ಮಗು ಯಾರ್ದು ಅಂತ ಈಗ ನೀನ್ ಹೇಳ್ತೀಯಾ?"

"ನಂಗೊತ್ತಿಲ್ಲ ಅಕ್ಕಾ!"

"ಮೀನು ಹಿಡಿಯೋದೂ ಗೊತ್ತಿಲ್ಲ, ಮಗು ಯಾರ್ದಂತಾನೂ ಗೊತ್ತಿಲ್ಲ! ಇನ್ನೇನ್ ಗೊತ್ತು ನಿಂಗೆ?"

ಭಾನುವಾರ ಮುನಿರಾಜಪ್ಪ ಬಂದರು. ಮೂರೇ ಎಸೆತ. ಮೊದಲನೆಯದು ಕಾಗೆಗೂಡು. ಎರಡನೆಯದಕ್ಕೆ ಮುನಿರಾಜಪ್ಪನವರ ಟೋಪಿ ಹಾರಿತು.

"ಇನ್ನೊಂದೇ ಇರೋದು ಕಣಯ್ಯಾ," ಅಂದರು. ಗೆಳೆಯನ ರೀಲನ್ನು ಹೀಗೆ ಹೊತ್ತುಕೊಂಡು ಹೋಗಲು ಅವರಿಗೂ ಮನಸ್ಸಿರಲಿಲ್ಲ.

ಇನಾಯತ್ ರೀಲನ್ನೇ ನೋಡಿದ. ಅಬ್ಬಾಜಾನರ ಬೆರಳು ಸವೆಸಿದ ಹಿಡಿ. ಇನ್ನು ಬೇರೆಯವರ ಮನೆ ಗೋಡೆಗೆ!

"ಇಲ್ಲಿ ಕೊಡಿ," ಅಂದಳು ಶಂಶುನ್ನೀಸಾ. ತಿರುಪನ್ನು ಚೂರು ಬಿಗಿಮಾಡಿ, ಉರುಳೆಯ ಮೇಲೆ ಹೆಬ್ಬೆರಳಿಟ್ಟು ಬೀಸಿದಳು. ದಾರ ಓಡುವಷ್ಟು ಹೊತ್ತೂ ಬೆರಳು ಉರುಳೆಯನ್ನು ಸವರುತ್ತಿತ್ತು. ನಟ್ಟು ಬಕೆಟ್ಟಿನ ಮೇಲೆ ಬಂದಾಗ ಬೆರಳು ಒತ್ತಿತು. ಠಣ್!

"ಎಲ್ಲಿ ಕಲಿತೆಯಮ್ಮಾ?"

"ಮಿಷನ್ ಮುಂದೆ ಅಂಕಲ್. ಕಾಲು ಓಡಿಸುತ್ತೆ, ಕೈ ತಡೀಬೇಕು. ತಡೀದಿದ್ರೆ ಸೂಜಿ ಬೆರಳಿಗೇ ಇಳಿಯುತ್ತೆ."

"ರೀಲು ಈ ಮನೇದೇ!" ಮುನಿರಾಜಪ್ಪ ಚಪ್ಪಾಳೆ ತಟ್ಟಿದರು. ಇನಾಯತ್ ಕೈ ಚಾಚಿದ. ಅವರು ಆ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು.

ಮದುವೆಯಾದ ಮೇಲೆ ಮೊದಲ ಸಲ ಇನಾಯತನ ದನಿ ತಗ್ಗಿತು. "ಶಂಶೂ, ನಂಗೂ ಹೇಳ್ಕೊಡ್ತೀಯಾ?"

"ಹೇಳ್ಕೊಡ್ತೀನಿ. ಆದ್ರೆ ಬಾಯಿ ಮುಚ್ಕೊಂಡಿರ್ಬೇಕು. ಮಾತಾಡಿದ್ರೆ ಮೀನು ಓಡೋಗುತ್ತೆ."

"ಟೆರೇಸಲ್ಲಿ ಮೀನೆಲ್ಲಿದೆ?"

"ನೋಡಿ, ಆಗ್ಲೇ ಓಡೋಯ್ತು!"