ಕೈಸನ್ನೆ ನಡೆಯದ ನನ್ನ ಮೇಳ

ಮಕ್ಕಳಿಗೆ ಹಾಡು ಕಟ್ಟಿ ಕಲಿಸುವವಳು ನಾನು. ಬೆಳಿಗ್ಗೆ ಪರೇಲ್‌ನಲ್ಲಿ ಕಣ್ಣು ಕಾಣದ ಮಕ್ಕಳು, ಸಂಜೆ ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಪುಟಾಣಿಗಳು. ಹೀಗೆ ಮುಂಬಯಿಯ ಲೋಕಲ್ ರೈಲಿನಲ್ಲಿ ಓಡಾಡುವವಳು ನಗುವ ಸಂಗತಿಗಳನ್ನು ಹುಡುಕಬೇಕಾಗಿಲ್ಲ, ಅವೇ ಸೀಟು ಹಿಡಿದು ಕಾದಿರುತ್ತವೆ.

ಸಾರ್ ಬಂದರು

ಮಕ್ಕಳ ಹಾಡಿಗೆ ರಾಗ ಹಾಕುವ ಹೆಂಗಸು ಇಲ್ಲಿಯ ಕನ್ನಡಿಗರಲ್ಲಿ ಆಗ ನಾನೊಬ್ಬಳೇ. ಮೊದಲ ರೆಕಾರ್ಡಿಂಗ್ ಪವಾಯಿಯ ಒಂದು ಸ್ಟುಡಿಯೋದಲ್ಲಿ. ಹಾರ್ಮೋನಿಯಂ ಹೊತ್ತುಕೊಂಡು ನಮ್ಮ ಯಜಮಾನರೂ ಬಂದರು. ಬ್ಯಾಂಕಿನವರು, ಸಾ ಯಾವುದು ಪಾ ಯಾವುದು ಗೊತ್ತಿಲ್ಲ. ಸಂಗೀತದ ಸಾರ್ ಇವರೇ ಎಂದುಕೊಂಡು ವಾದ್ಯದವರೆಲ್ಲ ಎದ್ದು ಅವರ ಕಾಲು ಮುಟ್ಟಿದರು. ಮೆತ್ತನೆಯ ಕುರ್ಚಿ, ಶುಂಠಿ ಚಹಾ ಅವರಿಗೆ. ನನಗೆ, "ಆಪ್ ಬಾಹರ್ ಬೈಠಿಯೆ, ದೀದಿ."

"ಹಾಡು ನನ್ನದು. ಹೊರಗೆ ಕೂತು ಏನು ಮಾಡಲಿ?" ಎಂದು ನಾನೇ ತಾಳ ಹಾಕಿ ಕೆಲಸ ಶುರು ಮಾಡಿಸಿದೆ.

ಹಾಡು ಮುಗಿಯಿತು. ಆದರೂ ಎಲ್ಲರೂ ಅಭಿಪ್ರಾಯಕ್ಕೆ ಅವರ ಮುಖವನ್ನೇ ನೋಡಿದರು. ಯಜಮಾನರು ಗಂಭೀರವಾಗಿ ತಲೆದೂಗಿ, "ಚೆನ್ನಾಗಿದೆ. ಶುಂಠಿ ಮಾತ್ರ ಸ್ವಲ್ಪ ಜಾಸ್ತಿ" ಎಂದರು.

ಅಕ್ಕನ ಹಾಗೆ

ಈ ಸಲ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಎರಡೂ ಕಡೆಯ ಮಕ್ಕಳನ್ನು ಸೇರಿಸಿ ಮೇಳ ಕಟ್ಟಿದೆ. ಪರೇಲ್‌ನ ಮಕ್ಕಳಿಗೆ ಅದು ಮೊದಲ ವೇದಿಕೆ, ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ. ಪುಟಾಣಿಗಳಿಗೆ ಪರೇಲ್‌ನ ಒಬ್ಬ ದೊಡ್ಡ ಹುಡುಗಿಯನ್ನು ತೋರಿಸಿ, "ಅಕ್ಕ ಹಾಡಿದ ಹಾಗೇ ಹಾಡಬೇಕು" ಎಂದೆ. ಅಷ್ಟೇ, ಎಲ್ಲ ಪುಟಾಣಿಗಳೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಹಾಡುತ್ತಾ ಹೆಜ್ಜೆ ಹಾಕಿ, ಒಂದರ ಮೇಲೊಂದು ಬಿದ್ದವು.

ಆ ಅಕ್ಕ, ವಿಜಯಪುರದ ಕಡೆಯ ಗಾರೆ ಮೇಸ್ತ್ರಿಯ ಮಗಳು, ಹುಟ್ಟಿನಿಂದ ಕಣ್ಣಿಲ್ಲದವಳು, ಬಿದ್ದ ಸದ್ದು ಕೇಳಿ ನನ್ನ ಸೆರಗು ಜಗ್ಗಿದಳು. "ಟೀಚರ್, ಈ ಸಣ್ಣ ಹುಡುಗ್ರಿಗೆ ಏನೂ ಕಾಣ್ಸಂಗಿಲ್ಲೇನ್ರೀ? ಪಾಪ!"

ಅತಿಥಿಗಳ ಕೈ

ವಾರ್ಷಿಕೋತ್ಸವದ ದಿನ ಕಾರ್ಯದರ್ಶಿಗಳು, "ಭಾಷಣ ಎಲ್ಲ ಮುಗೀಲಿ ಮಾರಾಯ್ರೆ, ಟೈಮ್ ಉಳಿದ್ರೆ ಮಕ್ಕಳದ್ದು ನೋಡುವ" ಎಂದರು. ಭಾಷಣ ಮುಗಿದರೆ ಜನ ಊಟಕ್ಕೆ ಏಳುತ್ತಾರೆ. ಮಕ್ಕಳು ಖಾಲಿ ಕುರ್ಚಿಗಳಿಗೆ ಹಾಡಬೇಕೇ? ನನಗೆ ಸಿಟ್ಟು ನೆತ್ತಿಗೇರಿತು. "ಮಕ್ಕಳು ವೇದಿಕೆಯ ಮೇಲೇ ಕೂತಿರುತ್ತಾರೆ, ಇಳಿಸುವುದಿಲ್ಲ" ಎಂದೆ.

ಕಣ್ಣು ಕಾಣದವರಿಗೆ ಕೈಸನ್ನೆ ನಡೆಯದು. ಹಾಗಾಗಿ ನಾನು ಬಳೆ ಎರಡು ಸಲ ಕುಲುಕಿದರೆ ಹಾಡು ಶುರು, ಇದು ನಮ್ಮ ಪದ್ಧತಿ. ಮುಖ್ಯ ಅತಿಥಿಯಾಗಿ ಬಂದ ಡಾಕ್ಟರಮ್ಮನಿಗೆ ಕೈತುಂಬ ಗಾಜಿನ ಬಳೆ. ಮೈಕ್ ಮುಂದೆ ನಿಂತು, ಸೆರಗು ಸರಿಮಾಡಿ, ಕೈ ಮುಗಿದರು. ಝಣ್, ಝಣ್. ನನ್ನ ಇಡೀ ಮೇಳ ಹಾಡಲು ಶುರುವಿಟ್ಟಿತು.

ಕಾರ್ಯದರ್ಶಿಗಳು ಓಡಿಬಂದು ಮಕ್ಕಳ ಎದುರು ಎರಡೂ ಕೈ ಬೀಸಿದರು, ನಿಲ್ಲಿಸಿ ನಿಲ್ಲಿಸಿ ಎಂದು. ಪರೇಲ್‌ನವರಿಗೆ ಅದು ಕಾಣದು. ಪುಟಾಣಿಗಳು ಕಣ್ಣೇ ತೆರೆದಿರಲಿಲ್ಲ. ಸಭಿಕರು ಕಾರ್ಯದರ್ಶಿಗಳೇ ಹಾಡಿಸುತ್ತಿದ್ದಾರೆಂದು ಚಪ್ಪಾಳೆ ತಟ್ಟಿದರು. ನಿಲ್ಲಿಸುವ ಸನ್ನೆಯನ್ನು ನಾನು ಯಾರಿಗೂ ಕಲಿಸಿಯೇ ಇಲ್ಲ, ನನ್ನ ಹಾಡು ಮುಗಿದಾಗಲೇ ನಿಲ್ಲುವುದು. ಸಾಂಬಾರಿನ ಘಮ ಹಾಲ್ ತುಂಬಿದ್ದರೂ ಒಬ್ಬರೂ ಏಳಲಿಲ್ಲ. ನನ್ನ ಕಣ್ಣು ತುಂಬಿಬಂತು.

ಹಾಡು ಮುಗಿದ ಮೇಲೆ ಡಾಕ್ಟರಮ್ಮ ನನ್ನ ಬಳಿ ಬಂದು, "ಇದು ಹೇಗೆ ಶುರುವಾಯ್ತು?" ಎಂದರು. ಬಳೆಯ ಸಂಗತಿ ಹೇಳಿದೆ. "ಇನ್ನೂ ಹಾಡುಗಳಿವೆಯಾ?" ಎಂದರು. "ನಾಲ್ಕಿವೆ" ಎಂದೆ.

ಅವರು ಭಾಷಣದ ಹಾಳೆ ಮಡಚಿ ಪರ್ಸಿಗೆ ಹಾಕಿ, ಮೈಕ್ ಹತ್ತಿರ ಹೋಗಿ, ಕಾರ್ಯದರ್ಶಿಗಳನ್ನೇ ನೋಡುತ್ತಾ ಬಲಗೈ ಎತ್ತಿ ಜೋರಾಗಿ ಎರಡು ಸಲ ಕುಲುಕಿದರು.