ಹಳದಿ ಕಾರಿನ ರೆಕ್ಕೆ

ಯಾರಾದರೂ ಮೈಬಗ್ಗಿಸಿ ಕೆಲಸ ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು ನೋಡುವುದು ನನಗೆ ಮೊದಲಿನಿಂದಲೂ ಬಹಳ ಇಷ್ಟ. ಪೈಪಿಗೆಂದು ರಸ್ತೆ ಅಗೆಯುವವರು, ಕರೆಂಟು ಕಂಬ ಹತ್ತಿದವರು, ಅಂಗಡಿಗೆ ಬಣ್ಣ ಬಳಿಯುವವರು, ಯಾರಾದರೂ ಸರಿ. ಐದು ನಿಮಿಷ ನೋಡುತ್ತೇನೆ, ಆಮೇಲೆ ಸಲಹೆ ಕೊಡುತ್ತೇನೆ, ಹತ್ತನೇ ನಿಮಿಷಕ್ಕೆ ಏಣಿ ಹಿಡಿದುಕೊಂಡು ನಿಂತಿರುತ್ತೇನೆ. ಒಮ್ಮೆ ಒಂಟಿಕೊಪ್ಪಲಿನಲ್ಲಿ ಗೆಳೆಯನ ಮಗಳ ನಿಶ್ಚಿತಾರ್ಥಕ್ಕೆ ಹೋದವನು, ಗಾಳಿಗೆ ವಾಲಿದ ಶಾಮಿಯಾನವನ್ನು ನೆಟ್ಟಗೆ ಮಾಡುತ್ತಿದ್ದವರ ಜೊತೆ ಹಗ್ಗ ಎಳೆಯುತ್ತ ನಿಂತುಬಿಟ್ಟೆ. ಗಂಡಿನ ಕಡೆಯ ಹಿರಿಯರೊಬ್ಬರು ಬಂದು, "ನಿಮ್ಮ ಜನಕ್ಕೆಲ್ಲ ಕೊನೇ ಪಂಕ್ತೀಲಿ ಊಟ ಕಣಪ್ಪ, ಬೇಜಾರು ಮಾಡ್ಕೋಬೇಡಿ" ಎಂದು ಸಮಾಧಾನ ಹೇಳಿ ಹೋದರು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ಮೇಲೆ ಈ ಚಪಲ ಇನ್ನೂ ಹೆಚ್ಚಿದೆ. ನನ್ನ ಹೆಂಡತಿ ಗಿರಿಜ ಇದನ್ನು ಕಾಯಿಲೆ ಅನ್ನುತ್ತಾಳೆ. ಮೊನ್ನೆಮೊನ್ನೆಯವರೆಗೂ ನಾನು ಒಪ್ಪಿರಲಿಲ್ಲ.

ಗಿರಿಜಳ ತಮ್ಮ ಮಂಜುನಾಥನಿಗೆ ಶ್ರೀರಾಂಪುರದಲ್ಲಿ ಟೈಲ್ಸ್ ಅಂಗಡಿ. ಚಿಕ್ಕವನಿದ್ದಾಗ ಅವನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ಎರಡೇ ಬಾಗಿಲಿನ ಕಾರುಗಳ ಚಿತ್ರ ಬರೆದಿರುತ್ತಿದ್ದನಂತೆ. ಐವತ್ತು ದಾಟುವ ಹೊತ್ತಿಗೆ, ಮಗಳ ಮದುವೆಯೂ ಮುಗಿದ ಮೇಲೆ, ಯಾರೋ ಬಳಸಿ ಬಿಟ್ಟ ಒಂದು ಹಳದಿ ಸ್ಪೋರ್ಟ್ಸ್ ಕಾರನ್ನು ಕೊನೆಗೂ ಕೊಂಡುಕೊಂಡ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹಿಂದುಗಡೆ ಡಿಕ್ಕಿಯ ಮೇಲೆ ಅಡ್ಡಕ್ಕೆ ಒಂದು ದೊಡ್ಡ ರೆಕ್ಕೆ. ಒಳಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ನಾನು ಒಮ್ಮೆ ಕೂತು, ಇಬ್ಬರು ಕೈಕೊಟ್ಟು ಎಳೆದ ಮೇಲೆ ಎದ್ದೆ. ಅವನ ಬಡಾವಣೆಯಲ್ಲಿ ಒಳಚರಂಡಿಗೆಂದು ರಸ್ತೆ ಅಗೆದದ್ದೇ ತಡ, ಕಾರು ಮನೆ ತಲುಪದಾಯಿತು. ಹಾಗಾಗಿ ಅದು ಸರಸ್ವತಿಪುರಂನ ನಮ್ಮ ಮನೆ ಮುಂದೆ, ಹೊಂಗೆ ಮರದ ಕೆಳಗೆ ಬಂದು ನಿಂತಿತು.

"ಭಾವ, ನೀವು ಮನೇಲೇ ಇರ್ತೀರಲ್ಲ. ಒಂದು ಕಣ್ಣಿಟ್ಟಿರಿ" ಅಂದ ಮಂಜು.

ಹೆಂಡತಿಯ ತವರಿನವರು ಮೂವತ್ತು ವರ್ಷದಲ್ಲಿ ನನ್ನನ್ನು ನಂಬಿ ವಹಿಸಿದ ಮೊದಲ ಕೆಲಸ ಅದು. ನಾನು ಒಂದಲ್ಲ, ಎರಡೂ ಕಣ್ಣಿಟ್ಟೆ. ದಿನಾ ಧೂಳು ಒರೆಸಿದೆ. ಹೊಂಗೆ ಹೂವನ್ನು ಒಂದೊಂದಾಗಿ ಆರಿಸಿ ತೆಗೆದೆ. ದಾರಿಯಲ್ಲಿ ಹೋಗುವವರು ನಿಂತು, "ನಿಮ್ಮದಾ ಸಾರ್?" ಎಂದು ಕೇಳಿದರೆ, "ನಮ್ಮ ಮನೇದೇ" ಎಂದು ಸತ್ಯಕ್ಕೆ ಹೆಚ್ಚು ನೋವಾಗದಂತೆ ಹೇಳುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಿರಿಜ ತರಕಾರಿಗೆ ಹೋಗಿದ್ದಳು. ಒಂದು ಗೂಡ್ಸ್ ಆಟೋ ಬಂದು ನಿಂತಿತು. ನೀಲಿ ಅಂಗಿ ತೊಟ್ಟ, ನಲವತ್ತರ ಆಸುಪಾಸಿನ ಇಬ್ಬರು ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಇಳಿದರು. ಗೇಟಿನ ಹತ್ತಿರ ನನ್ನನ್ನು ನೋಡಿ ಒಂದು ಕ್ಷಣ ತಡವರಿಸಿದರು.

"ಮಂಜು ಕಳಿಸಿದನಾ?" ಅಂದೆ.

"ಹೂಂ ಸಾರ್. ಮಂಜು ಸಾರೇ ಕಳಿಸಿದ್ದು" ಅಂದ ಇಬ್ಬರಲ್ಲಿ ಮೀಸೆಯಿದ್ದವನು. "ಹೊರಗಿನ ಪಾರ್ಟೆಲ್ಲ ಪಾಲಿಶ್ ಮಾಡಿಸಬೇಕಂತೆ."

ಎಷ್ಟು ಅಚ್ಚುಕಟ್ಟಾದ ಕೆಲಸ ಅಂತೀರಿ. ಒಂದು ಗೀರು ಬೀಳದಂತೆ ಎಡಗಡೆಯ ಕನ್ನಡಿ ಬಿಚ್ಚಿದರು. ಮುಂದಿನ ಬಂಪರ್ ಇಳಿಸಿದರು. ರೆಕ್ಕೆಯ ಬೋಲ್ಟು ಬಿಚ್ಚುವಾಗ ಅದು ಒಂದು ಕಡೆ ವಾಲಿತು. ನೋಡುತ್ತ ನಿಲ್ಲಲಾಗದೆ ಹೋಗಿ ಹಿಡಿದುಕೊಂಡೆ. ಬಿಸಿಲಲ್ಲಿ ಪಾಪ ಬೆವರುತ್ತಿದ್ದಾರೆಂದು ಕಾಫಿ ಮಾಡಿಕೊಟ್ಟೆ. ಆಟೋದಲ್ಲಿ ಸಾಮಾನು ತರಚೀತೆಂದು ಒಳಗಿನಿಂದ ದುಪ್ಪಟಿ ತಂದು ಸುತ್ತಿಸಿದೆ. ಎಲ್ಲ ಮುಗಿಸಿ ಹೊರಟವರನ್ನು ತಡೆದು, "ಬಲಗಡೆ ಕನ್ನಡಿ ಮರೆತೇಬಿಟ್ರಲ್ಲಪ್ಪ" ಎಂದು ನೆನಪಿಸಿದವನೂ ನಾನೇ.

"ನಿಮ್ಮಂಥೋರು ಸಿಗೋದು ಅಪರೂಪ ಸಾರ್" ಅಂದ ಮೀಸೆಯವನು. ಆ ಮಾತಿನಲ್ಲಿ ಕಪಟವಿರಲಿಲ್ಲವೆಂದು ಈಗಲೂ ನಂಬಿದ್ದೇನೆ. ನಮ್ಮ ಬೀದಿ ಇಕ್ಕಟ್ಟು. "ಬರಲಿ, ಬರಲಿ, ಸ್ವಲ್ಪ ಎಡಕ್ಕೆ" ಎನ್ನುತ್ತ ಆಟೋ ರಿವರ್ಸ್ ಮಾಡಿಸಿ ಬೀಳ್ಕೊಟ್ಟೆ.

ಆಮೇಲೆ ಮಂಜುಗೆ ಫೋನ್ ಮಾಡಿ, "ನಿನ್ನ ಜನ ಬಂದು ಹೋದ್ರಪ್ಪ. ಬಹಳ ಒಳ್ಳೆಯವರು" ಅಂದೆ.

"ಯಾವ ಜನ ಭಾವ?" ಅಂದ.

ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದ. ಹಲ್ಲಿನ ಸೆಟ್ಟು ತೆಗೆದಿಟ್ಟಂತೆ ಬಾಯಿ ಬಿಟ್ಟುಕೊಂಡು ನಿಂತಿದ್ದ ಕಾರನ್ನು ಒಂದು ಸುತ್ತು ಹಾಕಿ, ಮೆಟ್ಟಿಲ ಮೇಲೆ ಕೂತ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡಿ ಭಾವ, ನಿಮಗೇನು ಗೊತ್ತು" ಅಂದ. ಹಾಗೆಂದು ಎದ್ದು ಹೋಗಿ, ಬಾನೆಟ್ಟಿನ ಮೇಲಿದ್ದ ಒಂದು ಹೂವನ್ನು ಬೆರಳಿಂದ ತಳ್ಳಿದ. ಗಿರಿಜ ಬಂದವಳು ಎಲ್ಲವನ್ನೂ ಕೇಳಿ, "ಯಾವ ದುಪ್ಪಟಿ ಕೊಟ್ರಿ?" ಅಂದಳು. ಹೇಳಿದೆ. ತರಕಾರಿ ಚೀಲ ಅಲ್ಲೇ ಬಿಟ್ಟು ಬೀರು ನೋಡಲು ಒಳಗೆ ಓಡಿದಳು.

ಠಾಣೆಯಲ್ಲಿ ದೂರು ಕೊಟ್ಟೆವು. ಎದುರು ಮನೆಯ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಆ ಇಬ್ಬರೂ ಉದ್ದಕ್ಕೂ ಬೆನ್ನು ಹಾಕಿಕೊಂಡೇ ಇದ್ದರು. ಮುಖ ಸ್ಪಷ್ಟವಾಗಿ ಕಂಡದ್ದು ರೆಕ್ಕೆ ಹೊತ್ತು ನಗುತ್ತಿದ್ದ ನನ್ನದು ಮಾತ್ರ. ದಫೇದಾರರು ಅದನ್ನು ಎರಡು ಸಲ ನೋಡಿ, "ಈ ಮೂರನೆಯವನನ್ನ ಹಿಡಿದ್ರೆ ಕೇಸು ಸಲೀಸು ಸಾರ್" ಅಂದರು. ನಾನು ಕನ್ನಡಕ ತೆಗೆದು ಹಾಕಿಕೊಂಡೆ. ಆ ಮೂರನೆಯವನು ನಾನೇ ಎಂದು ಅವರಿಗೆ ಆಗ ಗೊತ್ತಾಯಿತು.

ಮೂರು ವಾರದ ಮೇಲೆ ಠಾಣೆಯಿಂದ ಫೋನ್ ಬಂತು. ಸಾಮಾನೆಲ್ಲ ಸಿಕ್ಕಿದೆ, ಬಂಪರ್ ಒಂದು ಕಡೆ ಸೀಳಿದೆ ಅಷ್ಟೆ; ಇಬ್ಬರಲ್ಲಿ ಒಬ್ಬನೂ ಸಿಕ್ಕಿದ್ದಾನೆ, ಬಂದು ಗುರುತು ಹಿಡಿಯಬೇಕು ಎಂದರು. ಮಂಜು ದಾರಿಯುದ್ದಕ್ಕೂ, "ಭಾವ, ಗಟ್ಟಿಯಾಗಿ ಮಾತಾಡಿ. ದಯವಿಟ್ಟು ಮುಖ ಸ್ವಲ್ಪ ಬಿಗಿಯಾಗಿರಲಿ" ಎಂದು ಪಾಠ ಹೇಳಿಕೊಟ್ಟ. ನಾನೂ ಮನಸ್ಸಿನಲ್ಲೇ ನಾಲ್ಕು ಖಾರದ ಮಾತು ಜೋಡಿಸಿಕೊಂಡು ಒಳಗೆ ಹೋದೆ. ಬೆಂಚಿನ ಮೇಲಿದ್ದ ಮೀಸೆಯವನು ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಕೈಮುಗಿದ.

"ನಮಸ್ಕಾರ ಸಾರ್. ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ ಕಣಪ್ಪ, ಕೂತ್ಕೋ ಕೂತ್ಕೋ" ಅಂದೆ. "ಯಾಕೋ ಸ್ವಲ್ಪ ಇಳಿದುಹೋಗಿದ್ದೀಯಲ್ಲ."

ದಫೇದಾರರು ಪೆನ್ನು ಕೆಳಗಿಟ್ಟರು. ಮಂಜು ಗೋಡೆಯ ಕಡೆ ತಿರುಗಿದ. "ಗುರುತು ಹಿಡಿದದ್ದಾಯ್ತಲ್ಲ, ಸಾಕು. ಇವರನ್ನ ಹೊರಗೆ ಕೂರಿಸಿ" ಎಂದು ದಫೇದಾರರು ಮಂಜುಗೆ ಹೇಳಿದರು. ನಾನು ಹೊರಟೆ. ಆದರೆ ಮೀಸೆಯವನಿಗೆ 'ಬರ್ತೀನಪ್ಪ' ಎಂದು ಹೇಳಿ ಹೋಗಬೇಕೋ ಬೇಡವೋ ಗೊತ್ತಾಗದೆ, ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ.