ಗಿರಣಿಯಲ್ಲಿ ನಾನು ಹೇಳಿದ ಸಾಕ್ಷಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೆ ಓಡುವುದಿಲ್ಲ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಮೊಮ್ಮಗಳಲ್ಲಿ ಮಾತ್ರ ತಿದ್ದುವುದಕ್ಕೆ ಏನೂ ಇಲ್ಲ.

ಮಗಳ ಹೆರಿಗೆ ಬಹಳ ಕಷ್ಟದ್ದಾಗಿತ್ತು. ಕೊಪ್ಪಳದ ದವಾಖಾನೆಯ ಬಾಗಿಲಲ್ಲಿ ಕುಳಿತು ದೇವರಿಗೆ ಮಾತು ಕೊಟ್ಟಿದ್ದೆ: "ಯೇಸಪ್ಪಾ, ತಾಯಿ ಕೂಸು ಇಬ್ರನ್ನೂ ಉಳಿಸಿಕೊಡು. ನಿನ್ನ ಉಪಕಾರಾನ ಚರ್ಚಿನ್ಯಾಗಷ್ಟ ಅಲ್ಲ, ನಾಲ್ಕು ಮಂದಿ ಸೇರೂವಲ್ಲಿ ನಿಂತು ಹೇಳ್ತೀನಿ."

ಆತನು ಉಳಿಸಿಕೊಟ್ಟ. ಇನ್ನು ಬಾಕಿ ನನ್ನದು; ಇದನ್ನೇ ನಮ್ಮ ಚರ್ಚಿನವರು ಸಾಕ್ಷಿ ಹೇಳುವುದು ಎನ್ನುತ್ತಾರೆ. ತೊಡಕು ಇರುವುದು ಇಲ್ಲೇ. ನಾಲ್ಕು ಜನರ ಎದುರು ನಿಂತರೆ ನನ್ನ ನಾಲಿಗೆ ಒಣಗುತ್ತದೆ. ಪ್ರಾರ್ಥನೆ ಮಾಡಿರಿ ಎಂದು ಹೇಳಿದರೆ 'ಆಮೆನ್' ಎಂದು ಶುರುಮಾಡಿ ಅಲ್ಲಿಯೇ ಮುಗಿಸುವವನು ನಾನು.

ಕೂಸಿಗೆ ಹೆಸರಿಡುವ ಭಾನುವಾರ ಬಂದೇಬಿಟ್ಟಿತು, ಮಾತು ಹಾಗೇ ಉಳಿದಿತ್ತು. ಹಿಂದಿನ ದಿನ ನನ್ನ ಹೆಂಡತಿ ರೂತಮ್ಮ ಜೋಳದ ಡಬ್ಬಿಯನ್ನು ಕೈಗೆ ಕೊಟ್ಟಳು.

"ಗಿರಣಿಗೆ ಹೋಗಿ ಬೀಸಿಕೊಂಡು ಬರ್ರಿ. ನಾಳೆ ಮನಿ ಮಂದಿಗೆ ರೊಟ್ಟಿ, ಹುಗ್ಗಿ ಆಗಬೇಕು. ಅಲ್ಲಿ ಹರಟಿ ಹೊಡಕೋತ ಕುಂದರಬ್ಯಾಡ್ರಿ."

ಶನಿವಾರ ನಮ್ಮೂರು ಅಳವಂಡಿಯಲ್ಲಿ ರಾಜಾಸಾಬನ ಗಿರಣಿಗಿಂತ ದೊಡ್ಡ ಸಭೆ ಬೇರೆಲ್ಲೂ ಸೇರುವುದಿಲ್ಲ. ಬೀಸಿಸಲು ನಿಂತವರ ಪಾಳಿ ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ನನಗೆ ಥಟ್ಟನೆ ಹೊಳೆಯಿತು: ಗಿರಣಿಯ ಈ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ, ಕೇಳದಿದ್ದರೆ ನಾಚಿಕೆ ಎಲ್ಲಿಂದ ಬರಬೇಕು? ಎಂಥ ಅನುಕೂಲದ ಜಾಗ! ಉಳಿದವರಿಗೂ ಕೇಳುವುದಿಲ್ಲ ಎಂಬ ಸಣ್ಣ ಸಂಗತಿಯೊಂದು ಹೊಳೆಯಲಿಲ್ಲ.

ಪಾಳಿಯ ಕೊನೆಯಲ್ಲಿ ನಿಂತು ಸಾಕ್ಷಿ ಶುರುಮಾಡಿದೆ. ನನ್ನ ಮುಂದಿದ್ದ ಪಕ್ಕದ ಮನೆಯ ಗಂಗವ್ವ ತಿರುಗಿ ನೋಡಿದಳು. ನನ್ನ ಬಾಯಿ ಆಡುತ್ತಿದೆ, ಕೈ ಮೇಲೆ ಹೋಗುತ್ತಿದೆ, ಕಣ್ಣು ಕೆಂಪಾಗಿದೆ. ಪಾಳಿ ತಡವಾಯಿತೆಂದು ಬೈಯುತ್ತಿದ್ದೇನೆ ಎಂದುಕೊಂಡು ನನ್ನ ಡಬ್ಬಿಯನ್ನು ತನ್ನದರ ಮುಂದಕ್ಕೆ ಸರಿಸಿದಳು. ಅದನ್ನು ನಾನು ಭಕ್ತಿಯ ಲಕ್ಷಣವೆಂದು ತಿಳಿದೆ. ಹುರುಪು ಬಂತು. ದನಿ ಏರಿಸಿದೆ. ಅವಳ ಮುಂದಿನವಳೂ ದಾರಿ ಬಿಟ್ಟಳು. ಹೀಗೆ ನಾನು ಕೂಗಿದಷ್ಟೂ ಜೋಳ ಮುಂದೆ ಹೋಯಿತು. ಸುವಾರ್ತೆ ಮಾತ್ರ ನನ್ನ ಮೂಗಿನ ತುದಿಯನ್ನೂ ದಾಟಲಿಲ್ಲ.

ಮಗಳ ಕಷ್ಟ, ದವಾಖಾನೆ, ದೇವರ ಉಪಕಾರ, ಎಲ್ಲವನ್ನೂ ಬಿಡದೆ ಹೇಳಿದೆ. ಜೋಳ ಬೀಸಿ ಮುಗಿಯಿತು. ನನ್ನ ಸಾಕ್ಷಿಯೂ ಕೊನೆಗೆ ಬಂತು. ಅದೇ ಹೊತ್ತಿಗೆ ಕರೆಂಟು ಹೋಯಿತು.

ಗಿರಣಿ ಗಪ್ಪಾಯಿತು. ಆ ಮೌನದಲ್ಲಿ ನನ್ನ ದನಿಯೊಂದೇ ಓಣಿಯ ಆಚೆಯವರೆಗೆ ಹೋಯಿತು:

"ನಾಳೆ ನಮ್ಮ ಚರ್ಚಿನ್ಯಾಗ ನನ್ನ ಮೊಮ್ಮಗಳಿಗೆ ಹೆಸರಿಡ್ತಾರ, ಎಲ್ಲಾರೂ ಬರ್ರಿ!"

ರಾಜಾಸಾಬ ತಲೆಯ ಹಿಟ್ಟು ಕೊಡವುತ್ತ ಹೊರಗೆ ಬಂದ.

"ಅದಕ್ಯಾಕ ಕಾಕಾ ಇಷ್ಟು ಸಿಟ್ಟು? ಸಮಾಧಾನದಿಂದ ಕರದ್ರ ಬರಾಂಗಿಲ್ಲೇನು ನಾವು?"

"ಇಷ್ಟೊತ್ತು ನಾ ಹೇಳಿದ್ದು ಕೇಳಸಲಿಲ್ಲೇನೋ?"

"ಲಗೂ ಬೀಸು ಅಂತ ಒದರಾಕತ್ತಿದ್ರಿ. ಬೀಸಿದ್ನಲ್ಲ."

ಗಂಗವ್ವ ಮುಖ್ಯವಾದ ಪ್ರಶ್ನೆ ಕೇಳಿದಳು: "ಅಣ್ಣಾರ, ಊಟಕ್ಕ ಏನ್ ಮಾಡಸೀರಿ?"

"ಹುಗ್ಗಿ" ಎಂದೆ. ಅಂದು ನಾನು ಹೇಳಿದ್ದರಲ್ಲಿ ಎಲ್ಲರಿಗೂ ಚೆನ್ನಾಗಿ ತಲುಪಿದ ಮಾತು ಅದೇ.

ಮನೆಗೆ ಬಂದು ಒಪ್ಪಿಕೊಂಡೆ. ರೂತಮ್ಮ ಹಿಟ್ಟು ಸಾಣಿಸುವುದನ್ನು ನಿಲ್ಲಿಸಿದಳು.

"ಯಾರ್‍ಯಾರಿಗೆ ಹೇಳೀರಿ?"

"ಗಿರಣಿಗೆ."

"ಗಿರಣ್ಯಾಗ ಯಾರಿಗ್ರಿ?"

"ಗಿರಣಿಗೇ."

ಅವಳು ದೊಡ್ಡ ಹಂಡೆ ತರಲು ಹೋದಳು.

ಭಾನುವಾರ ಚರ್ಚಿನಲ್ಲಿ ನಮ್ಮವರಿಗೇ ಜಾಗ ಸಿಗಲಿಲ್ಲ. ಕೂಸಿಗೆ ಟೊಪ್ಪಿಗೆ, ಗಿಲಕಿ, ಬಳೆ ಹಿಡಿದುಕೊಂಡು ಪಾಳಿಗೆ ಪಾಳಿಯೇ ಬಂದಿತ್ತು. ರಾಜಾಸಾಬನ ಗುರುತೇ ಹತ್ತಲಿಲ್ಲ. ಅವನ ಕೂದಲು ಕರಿದೆಂದು ನನಗೆ ತಿಳಿದದ್ದು ಅಂದೇ. ಪಾಸ್ಟರಿಗೆ ಹಿಡಿಸಲಾರದಷ್ಟು ಸಂತೋಷ.

"ನಮ್ಮ ಅಜ್ಜಾರು ಎಂಥಾ ಸೇವಾ ಮಾಡ್ಯಾರ ನೋಡ್ರಿ! ಬರ್ರಿ ಅಜ್ಜಾರ, ಸಾಕ್ಷಿ ಹೇಳ್ರಿ."

ಎದ್ದು ನಿಂತೆ. ಸದ್ದಿಲ್ಲ, ಗದ್ದಲವಿಲ್ಲ. ಎಲ್ಲರೂ ಕಿವಿಗೊಟ್ಟು ಕುಳಿತಿದ್ದಾರೆ. ಬಾಯಿ ತೆರೆದೆ. ಹಿಂದಿನ ದಿನ ಕೂಗಿದ್ದಕ್ಕೆ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಕಾದ ಹಂಚಿನ ಮೇಲೆ ನೀರು ಬಿದ್ದಂತೆ 'ಸುಂಯ್' ಎಂದಿತು, ಅಷ್ಟೇ.

"ಜೋರಾಗಿ ಹೇಳ್ರಿ ಕಾಕಾ, ಇಲ್ಲಿ ಗಿರಣಿ ಇಲ್ಲ" ಎಂದ ರಾಜಾಸಾಬ.

ನನ್ನ ಕಣ್ಣಲ್ಲಿ ನೀರು ಬಂತು. ಹೇಳಬೇಕಾದ ಮಾತು ಎದೆಯ ತುಂಬ ಇದೆ, ದನಿಯಿಲ್ಲ. ಆಗ ಗಂಗವ್ವ ಎದ್ದಳು.

"ಕುಂದರ್ರಿ ಅಣ್ಣಾರ, ನಾ ಹೇಳ್ತೀನಿ. ಇವರ ಮಗಳ ಜೀವ ಹೋಗಿ ಬಂದಂಗ ಆಗಿತ್ತು. ಇವರು ಯೇಸಪ್ಪನ ಹೆಸರು ಹಿಡಿದು ಬೇಡ್ಕೊಂಡ್ರು, ಆತ ಉಳಿಸಿಕೊಟ್ಟ. ತಾಯಿ ಕೂಸು ಎರಡೂ ಛಲೋ ಅದಾವ. ನಳದಾಗ ನೀರು ಹಿಡಿಯೂವಾಗ ರೂತಕ್ಕ ನಮಗೆಲ್ಲಾ ಇದನ್ನ ಎಂದೋ ಹೇಳ್ಯಾಳ. ಇವರು ದವಾಖಾನಿ ಬಾಗಲದಾಗ ಕುಂತು ಸಣ್ಣ ಹುಡುಗರಂಗ ಅತ್ತಿದ್ದೂ ಹೇಳ್ಯಾಳ."

ಸಭೆಯೆಲ್ಲ ನಕ್ಕಿತು. ಮೊಮ್ಮಗಳಿಗೆ ಕೃಪಾ ಎಂದು ಹೆಸರಿಟ್ಟರು. ನನ್ನ ಪಾಲಿಗೆ 'ಆಮೆನ್' ಒಂದು ಉಳಿದಿತ್ತು. ಅದನ್ನೂ 'ಸುಂಯ್' ಎಂದೇ ಹೇಳಿದೆ. ಹುಗ್ಗಿಯಲ್ಲಿ ನನಗೆ ಸಿಕ್ಕಿದ್ದು ಹಂಡೆ ಕೆರೆದ ಸೌಟು.

ಈಗ ಗಂಟಲು ಬಿಟ್ಟಿದೆ. ಕೊಟ್ಟ ಮಾತನ್ನು ಖುದ್ದಾಗಿ ತೀರಿಸಬೇಕೆಂದು ಶನಿವಾರ ಬಂದರೆ ಸಾಕು, ಡಬ್ಬಿ ಹಿಡಿದು ಗಿರಣಿಗೆ ಹೋಗುತ್ತೇನೆ. ನನ್ನನ್ನು ದೂರದಲ್ಲಿ ಕಂಡೊಡನೆ ಪಾಳಿಯವರೆಲ್ಲ ಸರಿದು ನಿಲ್ಲುತ್ತಾರೆ, ನನ್ನ ಡಬ್ಬಿಯನ್ನು ಎಲ್ಲರಿಗಿಂತ ಮುಂದೆ ಇಡುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ಬೀಸಿ, ಡಬ್ಬಿ ತಲೆಯ ಮೇಲಿಟ್ಟು, ಮನೆಗೆ ಕಳಿಸಿಬಿಡುತ್ತಾರೆ.